ಮೊದಲನೇ ಬೇಡ

ನಿಟ್ಟೂರಿನಿಂದ ಇನ್ನೂ ಒಳಗಿರುವ ಆ ಸರ್ಕಾರಿ ಶಾಲೆಯಲ್ಲಿ ಒಂಬತ್ತು ವರ್ಷದ ಹುಡುಗಿ ಅಡುಗೆಯಕ್ಕನ ಮಣಿಕಟ್ಟನ್ನು ಕಚ್ಚಿದ ದಿನ ಮುಖ್ಯೋಪಾಧ್ಯಾಯಿನಿ ನನಗೆ ಫೋನ್ ಮಾಡಿದರು. "ಇದು ಮೂರನೇ ಸಲ ಟೀಚರ್. ಮೊದಲೆರಡು ಸಲ ತನ್ನ ಕೈಯನ್ನೇ ಕಚ್ಕೊಂಡಿದ್ಲು. ಶುಕ್ರವಾರ ಶಾಲಾ ಕಮಿಟಿ ಸೇರುತ್ತೆ. ಅವಳು ಶಾಲೇಲಿ ಇರ್ಬೇಕೋ ಮನೇಲಿ ಇರ್ಬೇಕೋ ಅವತ್ತೇ ತೀರ್ಮಾನ. ವಾದ ಮಾಡೋದಿದ್ರೆ ಬಂದು ಮಾಡಿ."

ವಾದ ಮಾಡುವುದು ನನಗೆ ಬರುತ್ತದೆ. ಸಾಗರದಲ್ಲಿ ಓದುವಾಗ ಚರ್ಚಾಸ್ಪರ್ಧೆಗಳಲ್ಲಿ ಪರವೋ ವಿರೋಧವೋ ಎಂದು ಗೊತ್ತಾದ ಹತ್ತು ನಿಮಿಷದಲ್ಲಿ ಹುಟ್ಟಿದಾಗಿನಿಂದ ಅದನ್ನೇ ನಂಬಿದವಳ ಹಾಗೆ ಮಾತಾಡುತ್ತಿದ್ದೆ. ಅದರಿಂದ ಅಂಟಿದ ಚಾಳಿಯೂ ಒಂದಿದೆ: ಯಾರಾದರೂ ಮನಕರಗುವಂತೆ ಮಾತಾಡಿದರೆ ಮೊದಲು ಪುರಾವೆ ಕೇಳುತ್ತೇನೆ. ವಿಶೇಷ ಅಗತ್ಯವುಳ್ಳ ಮಕ್ಕಳ ಟೀಚರಾಗಿ ಹೊಸನಗರ ತಾಲ್ಲೂಕಿಗೆ ಬಂದ ಹೊಸತರಲ್ಲಿ, ತರಬೇತಿಯಲ್ಲಿ ಒಬ್ಬರು "ಪ್ರತಿ ಮಗುವಿಗೂ ಹೇಳುವುದು ಇದ್ದೇ ಇರುತ್ತದೆ" ಎಂದಾಗ ಎದ್ದು ನಿಂತು, "ನಿಮಗೆ ಹೇಗೆ ಗೊತ್ತು?" ಎಂದು ಕೇಳಿದ್ದೆ. ಯಾರಿಗೂ ಇಷ್ಟವಾಗಲಿಲ್ಲ.

ಈ ಹುಡುಗಿಗೆ ಆಟಿಸಂ. ಮಾತಿಲ್ಲ. ಅವಳಿಗೆ ನಾನು ಮೊದಲು ಕೊಟ್ಟಿದ್ದು ಎರಡು ಕಾರ್ಡು, ಒಂದರಲ್ಲಿ ಬೇಕು, ಇನ್ನೊಂದರಲ್ಲಿ ಬೇಡ; ಹೇಳಬೇಕಾದ್ದನ್ನು ಎತ್ತಿ ಎದುರಿನವರ ಕೈಗೆ ಕೊಡುವುದು. ಪದದ ಪಕ್ಕ ಚಿತ್ರ ಅಂಟಿಸಿದ್ದೆ. ವಾರ ವಾರ ಚಿತ್ರವನ್ನು ಚಿಕ್ಕದು ಮಾಡುತ್ತ ಬಂದೆ. ಐದನೇ ತಿಂಗಳಿಗೆ ಚಿತ್ರವೇ ಹೋಗಿ ಬರೀ ಅಕ್ಷರ ಉಳಿಯಿತು. ಕಾರ್ಡುಗಳ ಜಾಗ ಬದಲಿಸಿದೆ, ಬೇರೆ ಕಾಗದದಲ್ಲಿ ಬರೆದೆ, ನನ್ನ ಮುಖ ಕಾಣದಂತೆ ಅವಳ ಹಿಂದೆ ಕುಳಿತೆ. ತಪ್ಪಲಿಲ್ಲ. ಅವಳು ಎರಡು ಪದ ಓದುತ್ತಿದ್ದಳು. ನನಗೆ ಬೇಕಾದ ಪುರಾವೆ ಸಿಕ್ಕಿತ್ತು. ಹಾಗಾದರೆ ಬೇಡ ಎನ್ನಲು ಬರುವ ಮಗು ಕಚ್ಚುವುದೇಕೆ?

ಮೀಟಿಂಗಿನ ಹಿಂದಿನ ದಿನ ಅವರ ಮನೆಗೆ ಹೋದೆ. ಅವಳ ಅಮ್ಮ ಎರಡು ಕಡುಬು ಬಡಿಸಿದರು. ತಿಂದೆ. ಮತ್ತೊಂದು ತಂದರು. ಬೇಡ ಅಂದೆ. ತಟ್ಟೆಗೆ ಬಿತ್ತು. ಅದನ್ನೂ ತಿಂದೆ. ಮತ್ತೆ ತಂದಾಗ ತಟ್ಟೆಗೆ ಕೈ ಅಡ್ಡ ಹಿಡಿದೆ. ಅವರು ನನ್ನ ಕೈ ಸರಿಸಿಯೇ ಹಾಕಿದರು.

"ಅಕ್ಕಾ, ಬೇಡ ಅಂದ್ನಲ್ಲ!"

"ಬೇಡ ಅಂದ್ರಿ, ಅದ್ಕೇ ಮತ್ತೆ ಹಾಕಿದ್ದು. ಒಂದ್ಸಲ ಬೇಡ ಅಂದ ಕೂಡ್ಲೇ ಬಿಡಕ್ಕೆ ನಾವೇನು ಹೋಟ್ಲು ಇಟ್ಟೀವಾ?"

ಬಾಗಿಲ ಬಳಿ ಕುಳಿತಿದ್ದ ಹುಡುಗಿ ನನ್ನ ತಟ್ಟೆಯನ್ನೇ ನೋಡುತ್ತಿದ್ದಳು.

ಇದು ನನಗೆ ಹೊಸದಲ್ಲ. ತೀರ್ಥಹಳ್ಳಿಯ ನಮ್ಮ ಮನೆಯಲ್ಲೂ, ನೆಂಟರ ಮನೆಗೆ ಹೋಗುವಾಗ ದಾರಿಯಲ್ಲೇ ಅಮ್ಮ ಪಾಠ ಹೇಳುತ್ತಿದ್ದಳು: ಕೊಟ್ಟ ಕೂಡಲೇ ಕೈ ಒಡ್ಡಬೇಡಿ, ಮೊದಲು ಬೇಡ ಅನ್ನಿ. ಬೇಡ ಎನ್ನುವುದು ಉಣ್ಣುವವರ ಮರ್ಯಾದೆ, ಬಿಡದೆ ಬಡಿಸುವುದು ಮನೆಯವರ ಮರ್ಯಾದೆ. ನಿಜವಾಗಿ ಬೇಡವಾದದ್ದು ಮೂರನೆಯದಕ್ಕೋ ನಾಲ್ಕನೆಯದಕ್ಕೋ ಗೊತ್ತಾಗುತ್ತದೆ, ದನಿಯಲ್ಲಿ, ನಗುವಿನಲ್ಲಿ, ಎಲೆಯ ಮೇಲೆ ಬಾಗುವುದರಲ್ಲಿ. ಈ ಹುಡುಗಿಗೆ ಆ ದನಿ ಇಲ್ಲ, ಆ ನಗು ಇಲ್ಲ. ಇರುವುದು ಒಂದು ಕಾರ್ಡು. ಕೊಟ್ಟರೆ ಖಾಲಿ.

"ಇವಳು ಬೇಡ ಕಾರ್ಡು ಕೊಟ್ರೆ ಏನ್ ಮಾಡ್ತೀರಿ?"

"ಎಂತ ಮಾಡದು, ಪುಸಲಾಯಿಸಿ ಇನ್ನೊಂದು ತುತ್ತು ಹಾಕ್ತೀನಿ. ಶಾಲೇಲಿ ಅಡುಗೆಯಕ್ಕನೂ ಹಂಗೇ, ಪಾಪ. ಭಾರಿ ಪ್ರೀತಿ."

ನನ್ನ ವಹಿ ತೆಗೆದು ನೋಡಿದೆ. ಮೂರೂ ಸಲ ಕಚ್ಚಿದ್ದು ಬಿಸಿಯೂಟದ ಹೊತ್ತಿನಲ್ಲೇ. ಮೂರೂ ಕಡೆ ಎದುರಿಗೆ 'ಕಾರಣವಿಲ್ಲದೆ' ಎಂದು ನನ್ನದೇ ಅಕ್ಷರದಲ್ಲಿ ಬರೆದಿತ್ತು. ಎಲ್ಲರ ಹತ್ತಿರ ಪುರಾವೆ ಕೇಳುವವಳು, ಅಲ್ಲಿ ಮಾತ್ರ ಕೇಳಿರಲಿಲ್ಲ.

ಶುಕ್ರವಾರ ಕಮಿಟಿಯ ಅಧ್ಯಕ್ಷರು ಗದ್ದೆ ಕೆಲಸ ಬಿಟ್ಟು ಬಂದು ಕುಳಿತಿದ್ದರು. ನಾನು ಹೇಳಿದೆ: "ಅವಳ ಮಟ್ಟಿಗೆ ಮೊದಲನೇ ಬೇಡವೇ ಕೊನೇದು. ಅಷ್ಟು ಒಪ್ಪಿದ್ರೆ ಕಚ್ಚಲ್ಲ."

"ಮಗೂಗೆ ಒಂದೇ ಸಲ ಕೇಳಿ ಬಿಡದಾ? ಅದೆಂತ ಚಂದ ಮಾರಾಯ್ರೆ?" ಎಂದರು ಅಧ್ಯಕ್ಷರು. "ಸರಿ, ಊಟದ ಹೊತ್ತಾತು. ತೋರ್ಸಿ ನೋಡಾಣ."

ಜಗಲಿಯಲ್ಲಿ ಮಕ್ಕಳು ಸಾಲಾಗಿ ಕುಳಿತರು. ಮಣಿಕಟ್ಟಿಗೆ ಬಟ್ಟೆ ಸುತ್ತಿಕೊಂಡಿದ್ದ ಅಡುಗೆಯಕ್ಕ ಹುಡುಗಿಗೆ ಅನ್ನ ಹಾಕಿ ಒಂದು ಸೌಟು ಸಾರು ಬಿಟ್ಟರು. ಇನ್ನೊಂದು ಸೌಟು ಎತ್ತಿದರು. ಹುಡುಗಿ ಬೇಡ ಕಾರ್ಡನ್ನು ಅವರ ಇನ್ನೊಂದು ಕೈಗೆ ಕೊಟ್ಟಳು. ಸೌಟು ತಟ್ಟೆಯ ಮೇಲೆ ಹಾಗೇ ನಿಂತಿತು.

"ಒಂಚೂರು, ಬಂಗಾರಾ..."

"ಅಕ್ಕಾ," ಎಂದೆ.

ಅವರು ನನ್ನನ್ನು ಕೆಕ್ಕರಿಸಿ ನೋಡಿ ಸೌಟನ್ನು ಬಕೆಟ್ಟಿಗೆ ಇಳಿಸಿದರು. "ನನ್ ಜೀವಮಾನದಲ್ಲೇ ಹಿಂಗೆ ಬಡಿಸಿಲ್ಲ," ಎಂದು ಗೊಣಗಿದರು. ಹುಡುಗಿ ಬಕೆಟ್ಟನ್ನು ನೋಡಿದಳು, ಅವರ ಕೈಯಲ್ಲಿದ್ದ ಕಾರ್ಡನ್ನು ನೋಡಿದಳು. ಆಮೇಲೆ ಉಣ್ಣತೊಡಗಿದಳು.

ನಾನು ಅಲ್ಲಿಗೆ ಬಾಯಿ ಮುಚ್ಚಬೇಕಿತ್ತು. ಗೆದ್ದ ಮೇಲೂ ಒಂದು ಮಾತು ಸೇರಿಸುವ ಚಪಲ. "ನೋಡಿದ್ರಾ? ಅವಳು ಬೇಡ ಅಂದ್ರೆ ಬೇಡ. ಯಾವ ವಿಷಯಕ್ಕೇ ಆಗ್ಲಿ."

"ಯಾವ ವಿಷಯಕ್ಕೇ ಆಗ್ಲಿ?"

"ಹೌದು."

"ಹಂಗಾರೆ ನಾವು ಯಾರು ತೀರ್ಮಾನ ಮಾಡಕ್ಕೆ? ಅವಳನ್ನೇ ಕೇಳಾಣ." ಅಧ್ಯಕ್ಷರು ಕೈತೊಳೆದು ಬಂದ ಹುಡುಗಿಯ ಎದುರು ಕುಕ್ಕರಗಾಲಲ್ಲಿ ಕುಳಿತರು. ಅವಳ ಚೀಲ ತಂದಿಟ್ಟರು, ಎರಡೂ ಕಾರ್ಡು ಇಟ್ಟರು. "ಶಾಲೆಗೆ ಬರ್ತ್ಯಾ ಮಗಾ?"

ಹುಡುಗಿ ಬೇಡ ಎತ್ತಿ ಅವರ ಕೈಗೆ ಕೊಟ್ಟಳು.

ನನ್ನ ತಲೆಯಲ್ಲಿ ಉತ್ತರಗಳು ಸಾಲುಗಟ್ಟಿದವು: ಕೇಳಿದವರು ಅವಳಿಗೆ ಅಪರಿಚಿತರು, ಸುತ್ತ ಜನ ಮುತ್ತಿಕೊಂಡಿದ್ದಾರೆ, 'ಶಾಲೆಗೆ ಬರ್ತ್ಯಾ' ಎಂಬ ಪ್ರಶ್ನೆಯನ್ನು ಅವಳಿಗೆ ಯಾರೂ ಯಾವತ್ತೂ ಕೇಳಿಯೇ ಇಲ್ಲ. ಎಲ್ಲವೂ ನಿಜ. ಆದರೆ ಒಂದೊಂದೂ ಎರಡನೇ ಸೌಟೇ.

"ಮನೆಗೆ ಹೋಗ್ಲಿ," ಎಂದೆ.

ಮೀಟಿಂಗಿಗೆಂದು ಬಂದು ಜಗಲಿಯ ಕಂಬದ ಪಕ್ಕ ನಿಂತಿದ್ದ ಅವಳ ಅಮ್ಮ ಮುಂದೆ ಬಂದರು. "ಎಂತ ಟೀಚರ್, ಕಡೆಗೆ ನೀವೇ ಹಿಂಗಂದ್ರೆ? ಮತ್ತೆ ಮನೇಲೇ ಕೂತಿರದಾ ಇವ್ಳು? ಇನ್ನೊಂದ್ಸಲ ಕೇಳಿ!"

ಕೇಳಲಿಲ್ಲ. ಮುಖ್ಯೋಪಾಧ್ಯಾಯಿನಿ ನಡಾವಳಿ ಪುಸ್ತಕ ತೆರೆದಾಗ ಅಧ್ಯಕ್ಷರೇ ತಡೆದರು. "ಈಗ್ಲೇ ಬರೀಬೇಡಿ ಮೇಡಂ. ಮುಂದಿನ ವಾರ ಪೂರ್ತಿ ನೋಡಾಣ. ದಿನಾ ಬೆಳಿಗ್ಗೆ ಅವ್ರಮ್ಮ ಮನೇಲೇ ಒಂದ್ಸಲ ಕೇಳ್ಲಿ. ಒಂದೇ ಸಲ. ಬರ್ಲಿಲ್ಲ ಅಂದ್ರೆ ಟೀಚರ್ ಮಾತೇ ಕಾನೂನು."

ಸೋಮವಾರ ಬೇಡ. ಮಂಗಳವಾರ ಬೇಡ. ನಾನು ಬೇರೆ ಶಾಲೆಗಳಲ್ಲಿ ಪಾಠ ಮಾಡುತ್ತ ಫೋನ್ ಕೈಯಲ್ಲೇ ಹಿಡಿದಿರುತ್ತಿದ್ದೆ. ಗುರುವಾರ ಅವಳ ಅಮ್ಮ, "ಬೈಕ್ ಮೇಲೆ ಕೂರ್ಸಿಕೊಂಡು ಬಂದು ಬಿಟ್ಬಿಡ್ಲಾ? ಬಂದ್ಮೇಲೆ ಸರಿ ಆತಾಳೆ," ಎಂದು ಕೇಳಿದರು. ಹೂಂ ಎನ್ನುವುದು ನಾಲಿಗೆಯ ತುದಿಗೆ ಬಂದಿತ್ತು. ಬೇಡ ಎಂದೆ. ಶುಕ್ರವಾರವೂ ಬೇಡ. ಶನಿವಾರ ಅವರು ಫೋನ್ ಮಾಡಲೇ ಇಲ್ಲ. ನಾನೇ ಮಾಡಿದಾಗ, "ಬೇಡ ಅಂದ್ಲು," ಎಂದು ಕತ್ತರಿಸಿದರು. ಒಬ್ಬ ಹುಡುಗಿಗೆ ಎರಡು ಪದ ಓದಲು ಕಲಿಸಿ, ಅದರಲ್ಲೇ ಒಂದರಿಂದ ಅವಳನ್ನು ಶಾಲೆ ಬಿಡಿಸಿದ ಟೀಚರ್ ನಾನು.

ಭಾನುವಾರ ಬೆಳಿಗ್ಗೆ ಎಂಟೂವರೆಗೆ ಫೋನ್ ಬಂತು.

"ಟೀಚರ್, ನಾನು ಕೇಳೇ ಇಲ್ಲ ಇವತ್ತು. ತಾನೇ ಯೂನಿಫಾರಂ ಎಳ್ಕೊಂಡು ಬಂದು ಕೊಟ್ಲು. ಚೀಲ ಹಾಕ್ಕೊಂಡು ಬಾಗ್ಲಲ್ಲಿ ನಿಂತಾಳೆ. ಬೇಕು ಕಾರ್ಡು ನನ್ನ ಹೊಟ್ಟೆಗೆ ಒತ್ತಿ ಹಿಡ್ದಾಳೆ." ಅವರು ನಗುತ್ತಿದ್ದರೋ ಅಳುತ್ತಿದ್ದರೋ ತಿಳಿಯಲಿಲ್ಲ. "ಇವತ್ತು ರಜೆ ಅಂತ ಹೇಳದು ಹೆಂಗೆ? ಅದ್ಕೆ ಕಾರ್ಡು ಇದ್ಯಾ ನಿಮ್ಮತ್ರ? ಬೇಗ ಹೇಳಿ, ಕೈ ಬಾಯಿಗೆ ಹೋತಾ ಇದೆ!"

ಇರಲಿಲ್ಲ. ರಜೆ ಎಂಬ ಪದ ಕಲಿಸುವುದು ನನಗೆ ಹೊಳೆದೇ ಇರಲಿಲ್ಲ.

"ಹೊರಡಿ, ಶಾಲೆ ಹತ್ರ ಬನ್ನಿ," ಎಂದು ಫೋನಿಟ್ಟು, ಮುಖ್ಯೋಪಾಧ್ಯಾಯಿನಿಗೆ ಕರೆ ಮಾಡಿ ಬೀಗದ ಕೈ ಯಾರ ಹತ್ತಿರ ಇದೆ ಎಂದು ಕೇಳಿದೆ.