ಇಡೀ ಪಾನಿಪುರಿ ತಿಂದ ತಂಗಿ

"ಪುಡಿ ಮಾಡ್ಬೇಡಿ ಅಣ್ಣ, ಇಡೀದೇ ಕೊಡಿ" ಅಂದ್ಲು ನನ್ನ ತಂಗಿ. ಸಾಗರದ ಪಾನಿಪುರಿ ಗಾಡಿಯಣ್ಣ ಅವ್ಳ ಮುಖಾನೇ ನೋಡಿದ. ಸಣ್ಣೋಳಿದ್ದಾಗ ಬಿದ್ದು ಅವ್ಳ ದವಡೆ ಕೀಲು ಅಂಟ್ಕಂಡಿತ್ತು. ಬಾಯೊಳಗೆ ಬೆರಳೂ ಹೋಗ್ತಿರ್ಲಿಲ್ಲ, ಗದ್ದ ಬೆಳೀಲೇ ಇಲ್ಲ. ಪುರಿ ಪುಡಿ ಮಾಡ್ಸಿ ಚಮಚದಲ್ಲಿ ತಿಂತಿದ್ಲು. ಈಗ ಡಾಕ್ಟ್ರು ಆಪರೇಷನ್ ಮಾಡಿ ಕೀಲು ಬಿಡ್ಸಿ, ಗದ್ದದ ಮೂಳೆ ಮುಂದೆ ತಂದಿದಾರೆ. ಆಮೇಲೆ ಇವ್ಳು ದಿನಾ ನೋವಿಗೆ ಅಳ್ತಾ ಅಳ್ತಾ ಬಾಯಿ ತೆರೆಯೋದು ಕಲ್ತ್ಲು.

"ಬಾಯೊಳಗೆ ಹೋಗ್ತದಾ ಮಾರಾಯ್ತಿ?" ಅಂದ ಗಾಡಿಯಣ್ಣ.

"ಕೊಟ್ಟು ನೋಡಿ!"

ಇಡೀ ಪುರಿ ಒಂದೇ ಸಲ ಒಳಗೆ ಹೋಯ್ತು. ಕೆನ್ನೆ ಉಬ್ಬಿಸ್ಕಂಡೇ ಇನ್ನೊಂದಕ್ಕೆ ತಟ್ಟೆ ಚಾಚಿದ್ಲು. ನಾನು ಶಿಳ್ಳೆ ಹೊಡ್ದೆ.

ಮನೇಲಿ ನಾನು ಆಕಳಿಸಿದ್ರೆ ಬಾಯಿಗೆ ಕೈ ಅಡ್ಡ ಹಿಡಿಯೋ ಅಂತ ಬೈಯೋ ಅಮ್ಮ, ಅವ್ಳು ಆಕಳಿಸಿದ್ರೆ ಕೆಲ್ಸ ಬಿಟ್ಟು ನೋಡ್ತಾ ನಿಲ್ತಾಳೆ.