ಖಾಲಿ ಟ್ಯಾಂಕಿನ ಮೇಸ್ತ್ರಿ

ಹೋದ ತಿಂಗಳು ಕುವೈತಿನ ಖೈತಾನಿನಲ್ಲಿ, ನಮ್ಮ ಬೀದಿಯ ಬಕಾಲಾದಲ್ಲಿ, ಅಂದರೆ ಮೂಲೆಯ ದಿನಸಿ ಅಂಗಡಿಯಲ್ಲಿ, ಹಳದಿ ಬಟ್ಟೆಸೋಪಿನ ಬಾರೊಂದನ್ನು ಮೂಗಿಗೆ ಹಿಡಿದುಕೊಂಡು ನಿಂತಿದ್ದೆ. ಹೆಂಡತಿ ಕಳಿಸಿದ್ದು ಮೊಸರಿಗೆ. ನನ್ನ ಮುಖ ಹೇಗಿತ್ತೋ ಗೊತ್ತಿಲ್ಲ, ಗಲ್ಲಾದಲ್ಲಿದ್ದವನು "ಭಾಯಿ, ಕ್ಯಾ ಹುವಾ?" ಎಂದು ಕೇಳಿದ. ಆಗಿದ್ದೇನು ಎಂದು ಅವನಿಗೆ ಹೇಗೆ ಹೇಳಲಿ... ಒಂದು ಸೋಪಿನ ಮುಂದೆ ನಿಂತು ನನಗೆ ವಿಪರೀತ ಸಿಟ್ಟು ಬಂದಿತ್ತು. ಆ ವಾಸನೆಯ ಹಿಂದೆಯೇ ನೆನಪಿನೊಳಗಿಂದ ಪೆಟ್ರೋಲಿನ ವಾಸನೆ ಬಂತು, ಅದರ ಹಿಂದೆ ಮೇಸ್ತ್ರಿ ಬಂದರು.

ಹನ್ನೊಂದು ವರ್ಷಗಳ ಹಿಂದೆ ನಾನು ಶುವೈಖ್ ಇಂಡಸ್ಟ್ರಿಯಲ್ ಏರಿಯಾದ ಒಂದು ಗ್ಯಾರೇಜಿನಲ್ಲಿ ಸ್ಟೋರ್ ನೋಡಿಕೊಳ್ಳುತ್ತಿದ್ದೆ. ನಟ್ಟು ಬೋಲ್ಟು ಎಣಿಸುವುದು, ಆಫೀಸಿನ ಪತ್ರಗಳನ್ನು ಟೈಪು ಮಾಡುವುದು, ಮಿಕ್ಕ ಹೊತ್ತಿನಲ್ಲಿ ಚಿಂತೆ ಮಾಡುವುದು. ಕೊನೆಯದರಲ್ಲಿ ನನ್ನನ್ನು ಮೀರಿಸುವವರು ಇಡೀ ಕುವೈತಿನಲ್ಲಿ ಇರಲಿಲ್ಲ. ಮನೆಯ ಗ್ಯಾಸ್ ಆರಿಸಿದ್ದೇನೆಯೇ ಎಂದು ದಿನಕ್ಕೆ ಎರಡು ಸಲ ಫೋನು ಮಾಡಿ ಹೆಂಡತಿಯನ್ನು ಕೇಳುತ್ತಿದ್ದೆ. ಗ್ಯಾಸ್ ಹಚ್ಚುವವಳೂ ಆರಿಸುವವಳೂ ಅವಳೇ.

ಮೇಸ್ತ್ರಿ ವೆಲ್ಡಿಂಗ್‌ನವರು. ಕಾರ್ಕಳದ ಕಡೆಯವರು, ತುಳು ಮನೆಮಾತು. ಐವತ್ತೆಂಟು ದಾಟಿತ್ತು. ರೇಡಿಯೇಟರು, ಸೈಲೆನ್ಸರು, ಟ್ಯಾಂಕು, ತೂತು ಬಿದ್ದದ್ದೆಲ್ಲ ಅವರ ಪಾಲಿಗೆ. ಊರಿನಲ್ಲಿ ರಸ್ತೆ ಬದಿ ಸ್ವಂತದ್ದೊಂದು ವೆಲ್ಡಿಂಗ್ ಶೆಡ್ಡು ಎಬ್ಬಿಸುತ್ತಿದ್ದರು. ಕಂಬಗಳು ಎದ್ದಿದ್ದವು, ಮೇಲಿನ ಮಾಡು ಬಾಕಿ. "ಇಕಾಮಾಕ್ಕೆ ಇನ್ನು ಎರಡು ಸಲ ಸೀಲು ಬಿದ್ರೆ ಸಾಕು, ಮಾಡು ಆಗ್ತದೆ. ಮತ್ತೆ ನಾನೇ ಸಲಾಂ ಹೇಳಿ ಹೋಗ್ತೇನೆ. ಯಾರೂ ಕಳಿಸುದು ಬೇಡ" ಎನ್ನುತ್ತಿದ್ದರು. ಇಲ್ಲಿರಲು ಕೊಡುವ ಆ ಪರವಾನಗಿ ಅವರ ವಯಸ್ಸಿನಲ್ಲಿ ಒಮ್ಮೆ ತಪ್ಪಿದರೆ ತಪ್ಪಿದ ಹಾಗೆಯೇ ಎಂದು ನಮಗೆಲ್ಲ ಗೊತ್ತಿತ್ತು.

ಆ ವರ್ಷ ಗ್ಯಾರೇಜಿನ ಮಾಲೀಕರಾದ ಕುವೈತಿ ಯಜಮಾನರು ಒಂದು ಕಿಟ್ ಕಾರು ತರಿಸಿದ್ದರು. ಬಿಡಿಭಾಗಗಳೆಲ್ಲ ಮರದ ಪೆಟ್ಟಿಗೆಗಳಲ್ಲಿ ಬರುತ್ತವೆ, ಕೂರಿಸಿ ಜೋಡಿಸಿಕೊಳ್ಳಬೇಕು. ಚಳಿಗಾಲವಿಡೀ ಹಿಂದಿನ ಶೆಡ್ಡಿನಲ್ಲಿ ಜೋಡಿಸಿದೆವು. ಹಸಿರು ಬಣ್ಣದ, ಎರಡೇ ಸೀಟಿನ, ಬಾಗಿಲಿಲ್ಲದ ಗಾಡಿ. ನನಗೆ ಅದರ ಬಾಗಿಲಿನದೇ ಚಿಂತೆ. ಮುಗಿಯಿತು ಎಂದು ಕೆಲವು ದಿನ ಓಡಿಸಿ ನೋಡುವಾಗ ಹಿಂದಿನ ಅಲ್ಯೂಮಿನಿಯಂ ಪೆಟ್ರೋಲ್ ಟ್ಯಾಂಕು ಸೋರತೊಡಗಿತು. ಟ್ಯಾಂಕನ್ನು ಬಿಗಿದಿದ್ದ ಪಟ್ಟಿ ಉಜ್ಜಿ ಉಜ್ಜಿ ಬೆಸುಗೆಯ ಗೆರೆಯಲ್ಲಿ ಕೂದಲೆಳೆಯಷ್ಟು ಬಿರುಕು ಬಿಟ್ಟಿತ್ತು.

ಮೇಸ್ತ್ರಿ ಮೊದಲು ಮಾಡಿದ್ದು ನನ್ನಲ್ಲಿ ಬಟ್ಟೆಸೋಪು ಕೇಳಿದ್ದು. ಅದನ್ನು ಬಿರುಕಿನ ಮೇಲೆ ಉಜ್ಜಿ ಹೆಬ್ಬೆರಳಿನಿಂದ ಒತ್ತಿದರು. ಸೋರುವುದು ನಿಂತಿತು. "ಪೆಟ್ರೋಲಿಗೆ ಸೋಪು ಕರಗುದಿಲ್ಲ. ಆದ್ರೆ ಇದು ಟ್ಯಾಂಕು ಇಳಿಸುವಷ್ಟು ಹೊತ್ತಿಗೆ ಮಾತ್ರ" ಎಂದರು. ನಾನು ಎರಡು ಅಗ್ನಿಶಾಮಕಗಳನ್ನು ಅಪ್ಪಿಕೊಂಡು ದೂರ ನಿಂತಿದ್ದೆ.

"ಎಂತ ಮಾರಾಯ್ರೆ, ಮಗುವನ್ನು ಎತ್ತಿಕೊಂಡ ಹಾಗೆ ನಿಂತಿದ್ದೀರಿ? ತುಂಬಿದ ಟ್ಯಾಂಕಿಗೆ ಯಾಕೆ ಹೆದರುದು? ಖಾಲಿ ಟ್ಯಾಂಕಿಗೆ ಹೆದರಿ."

ಅದು ಅವರ ಶಾಸ್ತ್ರ. ಪೆಟ್ರೋಲು ಬಸಿದರೂ ಅದರ ಆವಿ ಒಳಗೆ ಕೂತಿರುತ್ತದೆ, ಬೆಂಕಿ ಹತ್ತುವುದು ಅದಕ್ಕೆ. ಅವರ ಎಡಗಿವಿಯ ಅಂಚು ಕರಗಿ ಮುದುಡಿತ್ತು. ಯಾವುದೋ ಹಳೆಯ ಗ್ಯಾರೇಜಿನಲ್ಲಿ ಯಾರೋ ಮಾಡಿದ ಅವಸರ... ಅದರ ಕತೆಯನ್ನು ಅವರು ಹೇಳಲಿಲ್ಲ, ನಾನು ಕೇಳಲಿಲ್ಲ. ಟ್ಯಾಂಕು ಬಸಿದು, ಬಿಸಿನೀರು ಸೋಪುಪುಡಿ ಹಾಕಿ ಮೂರು ಸಲ ತೊಳೆದು, ಒಂದು ರಾತ್ರಿ ಹಗಲು ನೀರು ತುಂಬಿಸಿಟ್ಟು, ಬಿಸಿಲಿಗೆ ಬಾಯಿ ತೆರೆದಿಟ್ಟು, ಕೊನೆಗೆ ಬಿರುಕಿನ ಕೆಳಗಿನವರೆಗೆ ಮತ್ತೆ ನೀರು ನಿಲ್ಲಿಸಿ ಆಮೇಲೆಯೇ ಅವರು ಬೆಂಕಿ ಮುಟ್ಟಿಸುತ್ತಿದ್ದರು. ಎರಡು ದಿನದ ಕೆಲಸ. ಒಂದು ಗಂಟೆ ಕಡಿಮೆಯೂ ಇಲ್ಲ.

ನಮ್ಮ ಮೇಲಿನವರು ಇಂಜಿನಿಯರ್ ಸಾಹೇಬರು. ಮೈಸೂರಿನವರು, ತೂಕದ ಮನುಷ್ಯ, ರಸ್ತೆಯಾಚೆಯ ಏಸಿ ಆಫೀಸಿನಿಂದ ಫೋನಿನಲ್ಲೇ ಗ್ಯಾರೇಜು ನಡೆಸುವವರು. ಗುರುವಾರ ಮಧ್ಯಾಹ್ನ ಅವರ ಫೋನು ಬಂತು.

"ಏನ್ರೀ, ಟ್ಯಾಂಕ್ ಖಲಾಸಾ?"

ನಾನು ಸ್ಟೋರಿನ ಬಾಗಿಲಿಂದಲೇ ಕೂಗಿದೆ. "ಮೇಸ್ತ್ರಿ, ಟ್ಯಾಂಕ್ ಖಲಾಸಾ?"

ಮೇಸ್ತ್ರಿ ಆಗಷ್ಟೇ ಕೊನೆಯ ಹನಿ ಪೆಟ್ರೋಲನ್ನು ಕ್ಯಾನಿಗೆ ಬಗ್ಗಿಸಿ ಸೊಂಟ ನೆಟ್ಟಗೆ ಮಾಡಿದ್ದರು. "ಹಾಂ, ಖಲಾಸ್" ಎಂದರು.

"ಖಲಾಸ್ ಸಾರ್" ಎಂದೆ ಫೋನಿಗೆ.

ಅಷ್ಟೇ. ಅವರು ಕೇಳಿದ್ದು ರಿಪೇರಿ ಮುಗಿಯಿತೇ ಎಂದು. ಇವರು ಹೇಳಿದ್ದು ಪೆಟ್ರೋಲು ಖಾಲಿಯಾಯಿತು ಎಂದು. ಮೂವರೂ ಕನ್ನಡ ಬಲ್ಲವರು. ಮುಗಿಯುವುದಕ್ಕೊಂದು ಖಾಲಿಯಾಗುವುದಕ್ಕೊಂದು ಬೇರೆ ಬೇರೆ ಶಬ್ದಗಳಿರುವ ಭಾಷೆಯಲ್ಲಿ ಹುಟ್ಟಿ ಬೆಳೆದವರು. ಊರಿನಲ್ಲಿ ಅರ್ಧ ತಾಸು ಮಾತಾಡಿ ತಿಳಿಸುವುದನ್ನೆಲ್ಲ ಇಲ್ಲಿ ಬಂದ ಮೇಲೆ ಒಂದೇ ಪದದಲ್ಲಿ ತುರುಕಿ ಮುಗಿಸುವ ಚಟ ನಮಗೆ. ಮನೆಯ ಗ್ಯಾಸಿಗೆ ಎರಡು ಸಲ ವಿಚಾರಿಸುವ ನಾನು ಇದನ್ನು ಒಂದು ಸಲವೂ ವಿಚಾರಿಸಲಿಲ್ಲ.

ನಾಲ್ಕು ಗಂಟೆಗೆ ಯಜಮಾನರು ಇಬ್ಬರು ಗೆಳೆಯರೊಂದಿಗೆ ಕಾರು ನೋಡಲು ಬಂದರು. ಸಾಹೇಬರು ಮುಂದೆ ಮುಂದೆ, ಮದುವೆಯ ದಿಬ್ಬಣ ಕರೆತರುವವರ ಹಾಗೆ. ಶೆಡ್ಡಿನಲ್ಲಿ ಕಾರು ಹಿಂಭಾಗವಿಲ್ಲದೆ ನಿಂತಿತ್ತು. ಟ್ಯಾಂಕು ನೆಲದ ಮೇಲೆ, ಬಾಯಿಗೆ ನೀರಿನ ಪೈಪು.

"ಇದೇನ್ರೀ ಇದು?" ಸಾಹೇಬರ ಮುಖ ಕೆಂಪಾಯಿತು. ಆಮೇಲೆ ಮೇಸ್ತ್ರಿಯ ಕಡೆ ತಿರುಗಿದರು. "ಖಲಾಸ್ ಅಂದ್ಯಲ್ಲಯ್ಯಾ? ಸರಿ, ಈಗಲೇ ಹಾಕು ವೆಲ್ಡಿಂಗು. ಹತ್ತು ನಿಮಿಷದ ಕೆಲಸ."

"ಇವತ್ತು ಆಗುದಿಲ್ಲ ಸಾರ್. ಶನಿವಾರ."

"ಖಾಲಿ ಟ್ಯಾಂಕಿಗೆ ಎಂಥ ಶನಿವಾರ?"

"ಖಾಲಿ ಆದ್ದಕ್ಕೇ ಸಾರ್."

"ಹೇಳಿದಷ್ಟು ಮಾಡು. ಖಲಾಸ್ ಅಂದಿದ್ಯೋ ಇಲ್ವೋ ನೀನು?"

ಆಗ ಮೇಸ್ತ್ರಿ ನನ್ನನ್ನು ನೋಡಿದರು. ಸಿಟ್ಟಿನಿಂದಲ್ಲ. ಈ ಮನುಷ್ಯ ಈಗ ಬಾಯಿ ಬಿಡುತ್ತಾನೆ ಎಂದು ಕಾಯುವವರ ಹಾಗೆ, ಸ್ವಲ್ಪ ತಲೆ ಓರೆ ಮಾಡಿ. ನಾನು ಕೈಯಲ್ಲಿದ್ದ ವಾಷರುಗಳ ಡಬ್ಬಿಯನ್ನು ಬಹಳ ಶ್ರದ್ಧೆಯಿಂದ ಪರೀಕ್ಷಿಸಿದೆ. ಎಲ್ಲ ಒಂದೇ ಅಳತೆಯವು.

"ಹೌದು, ಅಂದೆ" ಎಂದರು ಮೇಸ್ತ್ರಿ.

ಇಷ್ಟೆಲ್ಲ ರಾಮಾಯಣ ಯಾರಿಗಾಗಿಯೋ, ಆ ಯಜಮಾನರು ಟ್ಯಾಂಕನ್ನು ನೋಡಿದರು, ಮೇಸ್ತ್ರಿಯ ಕಿವಿಯನ್ನು ನೋಡಿದರು, "ಮಾಫಿ ಮುಷ್ಕಿಲ್, ಬುಕ್ರಾ" ಎಂದರು. ತೊಂದರೆಯಿಲ್ಲ, ನಾಳೆಯೋ ನಾಡಿದ್ದೋ. ಗೆಳೆಯರನ್ನು ಕರೆದುಕೊಂಡು ಚಹಾ ಕುಡಿಯಲು ಹೋದರು. ಅವರಿಗೆ ಅದೊಂದು ಆಟಿಕೆ. ಅವಸರವಿದ್ದದ್ದು ಸಾಹೇಬರಿಗೆ ಮಾತ್ರ. ಅವಮಾನವಾದದ್ದೂ ಸಾಹೇಬರಿಗೇ.

ಶನಿವಾರ ಮೇಸ್ತ್ರಿ ಬೆಸುಗೆ ಹಾಕಿದರು. ಮೀನಿನ ಹುರುಪೆ ಜೋಡಿಸಿದಂಥ ಬೆಸುಗೆ. ಟ್ಯಾಂಕು ಮತ್ತೆ ಒಂದು ಹನಿ ಸೋರಲಿಲ್ಲ. ಮರುವಾರ ಸಾಹೇಬರು ನನ್ನಿಂದ ಒಂದು ಪತ್ರ ಟೈಪು ಮಾಡಿಸಿದರು. ಕೆಲಸ ಮುಗಿದಿದೆ ಎಂದು ಸುಳ್ಳು ಹೇಳಿದ್ದಾರೆ, ಆದೇಶ ಮೀರಿದ್ದಾರೆ, ಇಕಾಮಾ ನವೀಕರಿಸುವ ಅಗತ್ಯವಿಲ್ಲ. ನನ್ನ ಇಕಾಮಾ ಕೂಡ ಅದೇ ತಿಂಗಳು ಮುಗಿಯುವುದಿತ್ತು. ಮಗಳು ಶಾಲೆಗೆ ಸೇರಿ ಎರಡು ತಿಂಗಳಾಗಿತ್ತು. ಇದನ್ನೆಲ್ಲ ನಾನು ಹನ್ನೊಂದು ವರ್ಷದಿಂದ ನನಗೆ ಹೇಳಿಕೊಳ್ಳುತ್ತ ಬಂದಿದ್ದೇನೆ, ಒಂದು ದಿನವೂ ಸಮಾಧಾನವಾಗಿಲ್ಲ. ಸಾಹೇಬರ ಇಂಗ್ಲಿಷಿನಲ್ಲಿ ಒಂದು ಕಾಗುಣಿತದ ತಪ್ಪಿತ್ತು. ಅದನ್ನು ತಿದ್ದಿದೆ. ಆ ಪತ್ರದಲ್ಲಿ ನನಗೆ ಕಂಡ ತಪ್ಪು ಅದೊಂದೇ.

ಅವರು ಹೊರಡುವ ದಿನ ಅರ್ದಿಯಾದ ಅವರ ಕೋಣೆಗೆ ಹೋಗಿದ್ದೆ. ಪೆಟ್ಟಿಗೆಗೆ ಹಗ್ಗ ಬಿಗಿಯುತ್ತಿದ್ದರು.

"ಮೇಸ್ತ್ರಿ, ಆವತ್ತು ಆ ಮಾತು... ನನ್ನಿಂದ..."

"ಗೊತ್ತುಂಟು" ಎಂದರು, ತಲೆ ಎತ್ತದೆ. "ಫೋನಿನಲ್ಲಿ ಮಾತಾಡಿದ್ದು ನೀವೇ ಅಲ್ವಾ, ನಾನು ಕಿವುಡ ಅಲ್ಲ. ನೀವು ಹೆದರುಪುಕ್ಕ ಅಂತ ಗೊತ್ತಿತ್ತು ಮಾರಾಯ್ರೆ. ಇಷ್ಟು ಅಂತ ಗೊತ್ತಿರ್ಲಿಲ್ಲ." ಆಮೇಲೆ ಹಗ್ಗದ ತುದಿಯನ್ನು ನನ್ನ ಕಡೆ ಚಾಚಿದರು. "ಇದನ್ನೊಮ್ಮೆ ಗಟ್ಟಿ ಹಿಡಿಯಿರಿ. ಅದಾದ್ರೂ ಆಗ್ತದಾ?"

ಹಿಡಿದೆ. ಅವರು ಗಂಟು ಹಾಕಿದರು. ಕ್ಷಮೆ ಎಂಬ ಶಬ್ದ ನನ್ನ ಬಾಯಿಂದ ಬರಲೇ ಇಲ್ಲ. ಫೋನು ಮಾಡಿ ಹೇಳೋಣ ಎಂದುಕೊಂಡೆ, ಊರಿಗೆ ಹೋದಾಗ ಹೇಳೋಣ ಎಂದುಕೊಂಡೆ... ಆರು ಸಲ ಊರಿಗೆ ಹೋಗಿ ಬಂದೆ.

ಬಕಾಲಾದಿಂದ ಮೊಸರಿಲ್ಲದೆ ಮನೆಗೆ ಬಂದ ಮರುದಿನ ಹಳೆಯ ಸಹೋದ್ಯೋಗಿಯೊಬ್ಬರಿಗೆ ಫೋನು ಮಾಡಿ ಮೇಸ್ತ್ರಿಯ ನಂಬರು ಕೇಳಿದೆ. "ಅಯ್ಯೋ, ನಿಮಗೆ ಗೊತ್ತಿಲ್ವಾ? ಹೋದ ಮಳೆಗಾಲದಲ್ಲೇ ತೀರಿಕೊಂಡ್ರಲ್ಲ" ಎಂದರು. ಶೆಡ್ಡಿನ ವಿಚಾರ ಕೇಳಿದೆ. ಕಂಬಗಳಿಗೆ ಯಾರೋ ಜಾಹೀರಾತಿನ ಬೋರ್ಡು ಕಟ್ಟಿದ್ದಾರಂತೆ.

ಅದಾಗಿ ಮೊದಲ ಶುಕ್ರವಾರ ಕನ್ನಡಿಗರ ಒಂದು ಊಟದ ಕೂಟವಿತ್ತು. ಸಾಹೇಬರು ಈಗ ನಿವೃತ್ತರು, ಇಲ್ಲೇ ಮಗನ ಮನೆಯಲ್ಲಿದ್ದಾರೆ, ಇಂಥಲ್ಲೆಲ್ಲ ಮುಂದಿನ ಸಾಲಿನಲ್ಲಿ ಕೂರುತ್ತಾರೆ. ಬಿಸಿಬೇಳೆಬಾತಿನ ತಟ್ಟೆ ಹಿಡಿದು ಅವರ ಪಕ್ಕ ನಿಂತೆ.

"ಸಾರ್, ಆ ವೆಲ್ಡಿಂಗ್ ಮೇಸ್ತ್ರಿ ತೀರಿಕೊಂಡರಂತೆ."

"ಯಾವ ಮೇಸ್ತ್ರಿನಪ್ಪಾ?"

"ಹಸಿರು ಕಾರು ಸಾರ್. ಪೆಟ್ರೋಲ್ ಟ್ಯಾಂಕು."

"ಕಾರು ನೆನಪಿದೆ. ಚೆನ್ನಾಗಿತ್ತು ಕಣ್ರೀ ಗಾಡಿ."

ನಾನು ಮೇಸ್ತ್ರಿಯ ಹೆಸರು ಹೇಳಿದೆ. ಪತ್ರದಲ್ಲಿ ಟೈಪು ಮಾಡಿದ ಹಾಗೆ, ತಂದೆಯ ಹೆಸರೂ ಊರಿನ ಹೆಸರೂ ಸೇರಿಸಿ. ಅವರು ಸುಳ್ಳು ಹೇಳಿರಲಿಲ್ಲ, ತಪ್ಪು ನನ್ನದು, ಬಾಯಿ ಮುಚ್ಚಿಕೊಂಡವನು ನಾನು, ವಿಚಾರಿಸದೆ ಕಳಿಸಿದವರು ನೀವು ಎಂದೆ. ನನ್ನ ದನಿ ಎಲ್ಲಿಗೆ ಏರಿತ್ತೋ, ಪಕ್ಕದ ಮೇಜಿನಲ್ಲಿ ಹಪ್ಪಳ ಮುರಿಯುವ ಸದ್ದು ನಿಂತಿತ್ತು.

ಸಾಹೇಬರು ನನ್ನ ಭುಜ ತಟ್ಟಿದರು. "ಎಷ್ಟೋ ಜನ ಬಂದ್ರು, ಹೋದ್ರು. ನಿಮಗೆ ಬಿಪಿ ಬೇರೆ ಇದೆ, ಕೂತ್ಕೊಂಡು ಊಟ ಮಾಡಿ."

ತಟ್ಟೆಯನ್ನು ಅವರ ಮುಂದೆಯೇ ಇಟ್ಟು ಹೊರಗೆ ಬಂದೆ. ಹಿಂದೆಯೇ ಬಂದ ಹೆಂಡತಿ ಕಾರಿನಲ್ಲಿ ಕೂತ ಮೇಲೆ ಕೇಳಿದಳು. "ಎಂತ ಹೇಳಿದ್ರಿ ಅವರಿಗೆ, ಅಷ್ಟು ದೊಡ್ಡ ಸ್ವರದಲ್ಲಿ?"

ಹೇಳಬೇಕಾದದ್ದನ್ನೇ ಹೇಳಿದ್ದೆ. ಕೇಳಬೇಕಾದವರು ಮಾತ್ರ ಅಲ್ಲಿರಲಿಲ್ಲ.