ಅಟ್ಲಾಂಟಿಕ್ ಮೇಷ್ಟ್ರು

ಶಾಲೆಯ ಭೂಪಟವನ್ನು ಗೋಡೆಗೆ ತೂಗುಹಾಕದೆ ನೆಲಕ್ಕೆ ಹಾಸಿ, ಪಕ್ಕದಲ್ಲಿ ಮಂಡಿಯೂರಿ ಪಾಠ ಮಾಡುತ್ತಿದ್ದವರು ನಾನು ಕಂಡಂತೆ ಹಯಾತ್ ಸಾಹೇಬರೊಬ್ಬರೇ. ಎರಡನೇ ಮಹಾಯುದ್ಧದ ಕಾಲ. ದೇವನಹಳ್ಳಿಯ ಮಿಡ್ಲ್ ಸ್ಕೂಲಿನಲ್ಲಿ ಅವರು ಚರಿತ್ರೆ, ಭೂಗೋಳ ಎರಡಕ್ಕೂ ಮೇಷ್ಟ್ರು, ನಾನು ಲೆಕ್ಕಕ್ಕೆ. ಪಕ್ಕದ ನಲ್ಲೂರಿನ ಹುಣಸೆತೋಪಿನಿಂದ ಆಯ್ದು ತಂದ ಬೀಜಗಳೇ ಅವರ ಹಡಗುಗಳು. ಅಟ್ಲಾಂಟಿಕ್ ಸಮುದ್ರದ ದಡದಿಂದ ದಡಕ್ಕೆ ಅವುಗಳನ್ನು ಬೆರಳಿನಿಂದ ತಳ್ಳುತ್ತ ಗೋಧಿ, ಹತ್ತಿ, ಗುಲಾಮರು, ಸ್ನೇಹ, ಯುದ್ಧ ಎಲ್ಲವನ್ನೂ ಒಂದೇ ಉಸಿರಿಗೆ ಹೇಳುತ್ತಿದ್ದರು. ಗಂಟೆ ಹೊಡೆದದ್ದು ಅವರ ಕಿವಿಗೆ ಬೀಳುತ್ತಿರಲಿಲ್ಲ. ನನ್ನ ಲೆಕ್ಕದ ಪೀರಿಯಡ್ಡು ದಿನವೂ ಆ ಸಮುದ್ರದ ಪಾಲು. ನನಗೋ ಮೂಗಿನ ತುದಿಯಲ್ಲೇ ಕೋಪ.

ಇನ್‌ಸ್ಪೆಕ್ಟರು ಬಂದಾಗ ನಾನೇ ದೂರು ಕೊಟ್ಟೆ. "ಇದ್ಯಾವ ವಿಷಯ ರೀ?" ಎಂದು ಅವರು ತರಗತಿಗೇ ಬಂದು ಸಾಹೇಬರನ್ನು ಗದರಿದರು.

ಸಾಹೇಬರು ಎದ್ದು ಮಂಡಿಯ ಧೂಳು ಕೊಡವಿಕೊಂಡರು. "ಆ ದಡದಲ್ಲಿ ಗೋಧಿ ಹಡಗು ಹೊರಡ್ದೆ ಇದ್ರೆ ಈ ದಡದಲ್ಲಿ ಒಲೆ ಹತ್ತಲ್ಲ ಸ್ವಾಮಿ. ಇದನ್ನ ಭೂಗೋಳ ಅನ್ಲಾ, ಚರಿತ್ರೆ ಅನ್ಲಾ? ನೀವೇ ಹೇಳಿ, ಹಂಗೇ ಬರ್ಕೋತೀನಿ."

ಇನ್‌ಸ್ಪೆಕ್ಟರು ಗಡಿಯಾರ ನೋಡಿಕೊಂಡು ಕಾಫಿಗೆ ಹೋದರು. ನನಗೆ ಮುಖಭಂಗ. ಸಂಜೆ ಸಾಹೇಬರೇ ಬಂದು ನನ್ನ ಹೆಗಲ ಮೇಲೆ ಕೈಹಾಕಿದರು. ತಮ್ಮನಾದ ಕರೀಮ ಅದೇ ಸಮುದ್ರದ ಸರಕು ಹಡಗೊಂದರಲ್ಲಿ ಬೆಂಕಿಗೆ ಕಲ್ಲಿದ್ದಲು ಹಾಕುವ ಕೆಲಸದಲ್ಲಿದ್ದಾನೆ ಎಂದರು. "ಅಮ್ಮೀಗೆ ಬೊಂಬಾಯಲ್ಲಿದಾನೆ ಅಂತ ಹೇಳ್ಬಿಟ್ಟಿದೀನಿ. ನೀವೂ ಬಾಯ್ಬಿಡ್ಬೇಡಿ ರಾಯ್ರೇ." ಥೂ, ನಾನೆಂಥ ಮನುಷ್ಯ ಎನಿಸಿತು. ಅಂದಿನಿಂದ ಗಂಟೆಯ ವಿಷಯ ಎತ್ತಲಿಲ್ಲ.

ಮರುವರ್ಷ ತಂತಿ ಬಂತು. ಕರೀಮನಿದ್ದ ಹಡಗು ಮುಳುಗಿತ್ತು. ಸಾಹೇಬರು ತಂತಿಯನ್ನು ಜೇಬಿನಲ್ಲಿಟ್ಟುಕೊಂಡೇ ಪಾಠ ಮುಗಿಸಿದರು. ಆಮೇಲೆ ನನ್ನ ಬಳಿ ಬಂದು, "ಮನೇಗೆ ಬರ್ತೀರಾ? ಒಬ್ನೇ ಹೋಗೋಕೆ ಕಾಲೇ ಬರ್ತಿಲ್ಲ" ಎಂದರು. ಆ ತಿಂಗಳೇ ಅವರು ನಂದಗುಡಿಗೆ ವರ್ಗ ಮಾಡಿಸಿಕೊಂಡು ಹೋದರು, ಮತ್ತೆ ಸಿಗಲಿಲ್ಲ. ನನ್ನ ಕಣ್ಣಿನಲ್ಲಿ ಉಳಿದಿರುವುದು ತಂತಿ ಬಂದ ಸಂಜೆಯ ಸಾಹೇಬರೇ.

ಅವರ ತಾಯಿ ಅಂಗಳದಲ್ಲಿ ಅಕ್ಕಿ ಆರಿಸುತ್ತಿದ್ದರು. ನಮ್ಮಿಬ್ಬರ ಮುಖ ನೋಡಿ ಮೊರ ಕೆಳಗಿಟ್ಟರು. ನಾನಿದ್ದೇನೆಂದು ಮಗನ ಜೊತೆ ಕನ್ನಡದಲ್ಲೇ ಮಾತಾಡಿದರು.

"ಕರೀಮ ಬೊಂಬಾಯಲ್ಲಿಲ್ಲ ಅಂತ ನಂಗೊತ್ತು ಕಣಪ್ಪಾ. ನಿನ್ ಸ್ಕೂಲ್ ಮಕ್ಳು ದಿನಾ ಈ ಬೀದೀಲಿ ಅದೊಂದೇ ಸಮುದ್ರದ ಹೆಸ್ರು ಕೂಗ್ಕೊಂಡ್ ಹೋಗ್ತಾವೆ. ಸುಮ್‌ಸುಮ್ನೆ ನೀನು ಹಂಗೆ ಹೇಳ್ಕೊಡೋನಲ್ಲ." ಮಗನ ತೋಳು ಹಿಡಿದು ಕೇಳಿದರು: "ಹೇಳು, ಅಲ್ಲಿ ಈಜಿದ್ರೆ ದಡ ಎಷ್ಟು ದೂರ?"

ಆ ಸಮುದ್ರದ ಆಳ, ಅಗಲ, ಗಾಳಿ ಎಲ್ಲವೂ ಬಾಯಿಪಾಠವಾಗಿದ್ದ ಮನುಷ್ಯ ತಾಯಿಯ ಕಾಲ ಬಳಿ ಕುಸಿದು ಕುಳಿತು, "ಗೊತ್ತಿಲ್ಲ ಅಮ್ಮೀ" ಎಂದರು.